ಮಂಗಳೂರು ಸೆಕೆಯಲ್ಲಿ ದಿನಾ ಆಫೀಸಿಗೆ ಮೇಕಪ್: ಮುಖ ಬೂದಿ ಬಣ್ಣ ಆಗುತ್ತೆ, ಕಾಡಿಗೆ ಹರಡುತ್ತೆ. ಏನು ಮಾಡಲಿ?

ಘಟ್ಟದ ಮೇಲಿನವಳು

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಊರು ಶಿರಸಿ ಕಡೆ. ಹೊಸದಾಗಿ ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಹಂಪನಕಟ್ಟೆ ಹತ್ತಿರ ಆಫೀಸು, ಕೌಂಟರಿನಲ್ಲಿ ಕೂರುವ ಕೆಲಸ. ದಿನವಿಡೀ ಜನರ ಎದುರು ಇರಬೇಕು. ಕಾಲೇಜಿನಲ್ಲಿ ಇರುವಾಗ ಪೌಡರ್, ಕಾಡಿಗೆ ಬಿಟ್ಟು ಬೇರೆ ಏನೂ ಹಚ್ಚಿದವಳಲ್ಲ.

ನನ್ನದು ಎಣ್ಣೆಗೆಂಪು ಬಣ್ಣ. ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗು ಎಲ್ಲ ಎಣ್ಣೆ. ಗಲ್ಲದ ಮೇಲೆ ಹಳೇ ಮೊಡವೆ ಕಲೆಗಳಿವೆ. ಮೊದಲ ಸಂಬಳದಲ್ಲಿ ಒಂದು ಫೌಂಡೇಶನ್, ಒಂದು ಕಾಂಪ್ಯಾಕ್ಟ್ ತಂದೆ. ಅಂಗಡಿಯವರೇ ಕೈಗೆ ಹಚ್ಚಿ ಶೇಡ್ ಆರಿಸಿ ಕೊಟ್ಟರು. ಅಲ್ಲಿ ಚೆನ್ನಾಗಿಯೇ ಕಾಣಿಸಿತು. ಆಫೀಸಿನಲ್ಲಿ ಮಾತ್ರ ಇಬ್ಬರು "ಹುಷಾರಿಲ್ವಾ?" ಎಂದು ಕೇಳಿದರು. ಕನ್ನಡಿ ನೋಡಿದರೆ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಬೂದಿ ಬಳಿದ ಹಾಗೆ.

ಕಾಡಿಗೆ 11 ಗಂಟೆಗೆಲ್ಲ ಕಣ್ಣಿನ ಕೆಳಗೆ ಇಳಿದಿರುತ್ತದೆ. ಸನ್‌ಸ್ಕ್ರೀನ್ ಹಚ್ಚಿದರೆ ಬೆಳ್ಳಗೆ ಪದರ ಕಾಣುತ್ತದೆ, ಹಾಗಾಗಿ ಬಿಟ್ಟುಬಿಟ್ಟಿದ್ದೇನೆ. ಪಿಜಿಯಲ್ಲಿ ಜೊತೆಗಿರುವವಳು ಒಂದು ಕ್ರೀಮ್ ಕೊಟ್ಟಿದ್ದಾಳೆ. ಅವಳ ಸಂಬಂಧಿಕರು ಯಾರೋ ಹೊರದೇಶದಿಂದ ತಂದಿದ್ದಂತೆ. ಡಬ್ಬಿಯ ಮೇಲೆ ಏನೂ ಬರೆದಿಲ್ಲ. "ವಾರದಲ್ಲಿ ಬೆಳ್ಳಗಾಗ್ತೀಯ" ಅನ್ನುತ್ತಾಳೆ. ಇನ್ನೂ ಮುಟ್ಟಿಲ್ಲ.

ಬೆಳಗ್ಗೆ ನನಗೆ ಸಿಗುವುದು ಹೆಚ್ಚೆಂದರೆ ಕಾಲು ಗಂಟೆ. ಇನ್ನೊಂದು 1500 ರೂಪಾಯಿ ಖರ್ಚು ಮಾಡಬಲ್ಲೆ. ಗೊತ್ತಿರುವ ಅಕ್ಕಂದಿರು ದಯವಿಟ್ಟು ಹೇಳಿ.

ಉಡುಪಿ ಪಾರ್ಲರ್ ಅಕ್ಕ

ತಂಗಿ, ಮೊದಲು ಆ ಡಬ್ಬಿಯನ್ನು ದೂರ ಇಡು. ಅದರ ಬಗ್ಗೆ ಔಷಧಿ ಗೊತ್ತಿರುವವರು ಇನ್ನೂ ಚೆನ್ನಾಗಿ ಹೇಳುತ್ತಾರೆ. ನಾನು ಮೇಕಪ್ ವಿಷಯಕ್ಕೆ ಬರುತ್ತೇನೆ. ಉಡುಪಿಯಲ್ಲಿ ಪಾರ್ಲರ್ ನಡೆಸುತ್ತೇನೆ, ಮದುಮಕ್ಕಳಿಗೆ ಮೇಕಪ್ ಮಾಡುತ್ತೇನೆ. ನಿನ್ನ ಬಣ್ಣದ ಮುಖಗಳೇ ನನ್ನ ಕುರ್ಚಿಯಲ್ಲಿ ಜಾಸ್ತಿ ಕೂರುವುದು.

ನಿನ್ನ ಮುಖ ಬೂದಿ ಆಗಿದ್ದಕ್ಕೆ ಕಾರಣ ನಿನ್ನ ಚರ್ಮ ಅಲ್ಲ, ಶೇಡ್. ನಮ್ಮ ಕಡೆಯ ಬಹಳ ಜನರ ಎಣ್ಣೆಗೆಂಪಿನಲ್ಲಿ ಒಳಗಡೆ ಹಳದಿ ಛಾಯೆ ಇರುತ್ತದೆ. ಅದರ ಮೇಲೆ ಒಂದೆರಡು ಶೇಡ್ ತಿಳಿಯಾದ, ಗುಲಾಬಿ ಕಡೆಗಿರುವ ಫೌಂಡೇಶನ್ ಹಚ್ಚಿದರೆ ಎರಡೂ ಸೇರಿ ಬೂದಿ ಆಗುತ್ತದೆ. ಮೇಲಿಂದ ಬೆಳ್ಳನೆಯ ಕಾಂಪ್ಯಾಕ್ಟ್ ಒತ್ತಿದರೆ ಮುಗಿಯಿತು. ಅಂಗಡಿಯಲ್ಲಿ ಕೈಗೆ ಹಚ್ಚಿ ತೋರಿಸುವುದನ್ನು ನಾನು ಒಪ್ಪುವುದೇ ಇಲ್ಲ. ಕೈ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ಅಂಗಡಿಯ ಲೈಟ್ ಕೆಳಗೆ ಯಾವ ಶೇಡೂ ನಿಜ ಹೇಳುವುದಿಲ್ಲ.

ಹೀಗೆ ಮಾಡು. ದವಡೆಯ ಅಂಚಿನಲ್ಲಿ, ಕೆನ್ನೆ ಮುಗಿದು ಕುತ್ತಿಗೆ ಶುರುವಾಗುವ ಕಡೆ, ಅಕ್ಕಪಕ್ಕದ ಮೂರು ಶೇಡ್‌ಗಳನ್ನು ಒಂದೊಂದು ಗೆರೆ ಎಳೆಸಿಕೋ. ಅಂಗಡಿಯಿಂದ ಹೊರಗೆ ಬಂದು ಬೆಳಕಿನಲ್ಲಿ ನೋಡು. ಹಚ್ಚಿದ ಕೂಡಲೇ ತೀರ್ಮಾನ ಬೇಡ. ಪಕ್ಕದ ಅಂಗಡಿಯಲ್ಲಿ ಒಂದು ಜ್ಯೂಸ್ ಕುಡಿದು, 20 ನಿಮಿಷ ಬಿಟ್ಟು ಮತ್ತೆ ನೋಡು. ಎಣ್ಣೆ ಚರ್ಮದ ಮೇಲೆ ಕೆಲವು ಫೌಂಡೇಶನ್ ಸ್ವಲ್ಪ ಹೊತ್ತಿಗೆ ಗಾಢ ಆಗುತ್ತವೆ. ಯಾವ ಗೆರೆ ಕಣ್ಣಿಗೆ ಕಾಣದೆ ಮಾಯ ಆಗಿದೆಯೋ ಅದೇ ನಿನ್ನದು.

ಆದರೆ ದಿನಾ ಆಫೀಸಿಗೆ ಮುಖದ ತುಂಬ ಫೌಂಡೇಶನ್ ಯಾಕೆ? ಮಂಗಳೂರಿನ ಸೆಕೆಯಲ್ಲಿ ಅದು ನಿಲ್ಲುವುದಿಲ್ಲ, ಬೆವರಿನ ಜೊತೆ ಗೆರೆಗೆರೆಯಾಗಿ ಇಳಿಯುತ್ತದೆ. ನಿನ್ನ ಬಣ್ಣಕ್ಕೆ ಸರಿಯಾಗಿ ಹೊಂದುವ ಒಂದು ಕನ್ಸೀಲರ್, ಅಂದರೆ ಕಲೆ ಮುಚ್ಚುವ ಕ್ರೀಮ್, ತಗೋ, ಸಾಕು. ಗಲ್ಲದ ಕಲೆಗಳ ಮೇಲೆ, ಮೂಗಿನ ಬದಿಯಲ್ಲಿ ಚುಕ್ಕೆ ಇಡು. ಉಂಗುರದ ಬೆರಳಿನಿಂದ ತಟ್ಟು, ಉಜ್ಜಬೇಡ. ಉಜ್ಜಿದರೆ ಕಲೆಯ ಮೇಲಿದ್ದದ್ದು ಪಕ್ಕಕ್ಕೆ ಹೋಗಿ, ಕಲೆ ಹಾಗೇ ಉಳಿಯುತ್ತದೆ. ಉಳಿದ ಮುಖವನ್ನು ಬಿಟ್ಟುಬಿಡು. ನಿನ್ನ ಚರ್ಮ ಚರ್ಮದ ಹಾಗೇ ಕಾಣಲಿ. ಕಣ್ಣಿನ ಕೆಳಗೆ ತುಂಬ ಕಪ್ಪಿದ್ದರೆ ತಿಳಿ ಕನ್ಸೀಲರ್ ಹಚ್ಚಿ ಮುಚ್ಚಲು ಹೋಗಬೇಡ, ಅಲ್ಲಿಯೂ ಬೂದಿ ಆಗುತ್ತದೆ. ಮೊದಲು ಕಪ್ಪನ್ನು ತಗ್ಗಿಸುವ ಕಿತ್ತಳೆ ಛಾಯೆಯ ಕರೆಕ್ಟರ್ ತೀರಾ ತೆಳ್ಳಗೆ, ಆಮೇಲೆ ಕನ್ಸೀಲರ್.

ಇನ್ನು ಕಾಡಿಗೆ. ಇದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ಹತ್ತಿರ ಬರುವ ಹುಡುಗಿಯರೆಲ್ಲ ಕೇಳುವುದು ಇದನ್ನೇ. ಕಾಡಿಗೆಯಲ್ಲಿ ಇರುವುದು ಮೇಣ, ಎಣ್ಣೆ, ಕಪ್ಪು. ಎಣ್ಣೆ ಎಣ್ಣೆಗೇ ಕರಗುತ್ತದೆ. ನೀನು ಬೆಳಗ್ಗೆ ಕಣ್ಣಿನ ಕೆಳಗೆ ಕ್ರೀಮ್ ಹಚ್ಚಿ, ಅದು ಒಣಗುವ ಮೊದಲೇ ಕಾಡಿಗೆ ಎಳೆದರೆ ಅದು ಇಳಿಯಲೇಬೇಕು. ಜೊತೆಗೆ ಕೆಳರೆಪ್ಪೆಯ ಒಳ ಅಂಚು ಯಾವಾಗಲೂ ಒದ್ದೆ. ಅಲ್ಲಿ ದಪ್ಪಗೆ ಹಚ್ಚಿದ್ದು ರೆಪ್ಪೆ ಬಡಿದಾಗಲೆಲ್ಲ ಹೊರಗೆ ಬರುತ್ತದೆ.

ಟಿಶ್ಯೂ ಪೇಪರನ್ನು ಮಡಚಿ ಕಣ್ಣಿನ ಕೆಳಗೆ ಒತ್ತಿ ಎಣ್ಣೆ ತೆಗೆ. ಚಿಕ್ಕ ಬ್ರಷ್‌ನಲ್ಲಿ ಚಿಟಿಕೆ ಪೌಡರ್ ತೆಗೆದುಕೊಂಡು ಕೆಳರೆಪ್ಪೆಯ ಕೂದಲಿನ ಕೆಳಗೇ ಹಚ್ಚು. ಕಾಡಿಗೆಯನ್ನು ಮೇಲಿನ ರೆಪ್ಪೆಯ ಕೂದಲಿನ ಬುಡಕ್ಕೆ ಹಾಕು, ಬುಡಗಳ ನಡುವೆ ತುಂಬುವ ಹಾಗೆ. ಕೆಳಗೆ ಬೇಕೇ ಬೇಕು ಅಂದರೆ ಹೊರಮೂಲೆಯಲ್ಲಿ ಸ್ವಲ್ಪ ಮಾತ್ರ. ಮೇಲೆ ಕಂದು ಅಥವಾ ಕಪ್ಪು ಐಶ್ಯಾಡೋವನ್ನು ಸಣ್ಣ ಬ್ರಷ್‌ನಲ್ಲಿ ಒತ್ತಿದರೆ ಕೂತುಬಿಡುತ್ತದೆ. ಕಣ್ಣು ದೊಡ್ಡದಾಗಿಯೂ ಕಾಣುತ್ತದೆ. ವಾಟರ್‌ಪ್ರೂಫ್ ತಗೊಂಡರೆ ರಾತ್ರಿ ತೆಗೆಯುವಾಗ ತಿಕ್ಕಬೇಡ. ಹತ್ತಿಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಇಟ್ಟು ಒರೆಸು. ಆಮೇಲೆ ಫೇಸ್‌ವಾಶ್. ಎಣ್ಣೆಯನ್ನು ಮುಖಕ್ಕೆಲ್ಲ ಸವರಬೇಡ, ನಿನ್ನಂಥ ಚರ್ಮಕ್ಕೆ ಮೊಡವೆ ಬರುತ್ತದೆ. ಮತ್ತೆ ಒಂದು ಮಾತು: ನಿನ್ನ ಕಾಡಿಗೆಯನ್ನು ಪಿಜಿಯಲ್ಲಿ ಯಾರಿಗೂ ಕೊಡಬೇಡ, ಅವರದನ್ನೂ ಹಚ್ಚಬೇಡ. ಕಣ್ಣಿನ ಸೋಂಕು ಸುಲಭವಾಗಿ ಹರಡುತ್ತದೆ.

ಸನ್‌ಸ್ಕ್ರೀನ್ ಮಾತ್ರ ಬಿಡಬೇಡ. ನಿನ್ನ ಗಲ್ಲದ ಕಲೆಗಳು ಹೋಗದೆ ಕೂತಿರುವುದಕ್ಕೆ ಬಿಸಿಲೂ ಒಂದು ಕಾರಣ. ಬೆಳ್ಳಗೆ ಪದರ ಕಾಣುವುದು ಹೆಚ್ಚಾಗಿ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವುದರಲ್ಲಿ. ಜೆಲ್ ತರಹದ್ದು ಅಥವಾ ಚರ್ಮದ ಬಣ್ಣ ಸೇರಿಸಿದ ಟಿಂಟೆಡ್ ತಗೋ. ಟಿಂಟೆಡ್‌ನಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಒಂದಷ್ಟು ತಡೆಯುತ್ತದೆ, ಬಂಗು ಇರುವವರಿಗೆ ಅದು ಒಳ್ಳೆಯದು. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂದರೆ ಬಿಸಿಲು ತಡೆಯುವ ಅಳತೆ. ಎಸ್‌ಪಿಎಫ್ 30 ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು 97 ಶೇಕಡಾ ತಡೆದರೆ, 50 ತಡೆಯುವುದು 98. ಹಾಗಾಗಿ ದೊಡ್ಡ ನಂಬರಿಗೆ ದುಡ್ಡು ಸುರಿಯುವ ಬದಲು ಸರಿಯಾದ ಅಳತೆಯಲ್ಲಿ ಹಚ್ಚು. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಒಂದೊಂದು ಗೆರೆ, ಮುಖ ಕುತ್ತಿಗೆ ಎರಡಕ್ಕೂ. ಒಮ್ಮೆಲೇ ಬೇಡ, ಎರಡು ಸಲಕ್ಕೆ ಹಚ್ಚು, ಚರ್ಮಕ್ಕೆ ಹೊಂದಿಕೊಳ್ಳುತ್ತದೆ.

ತುಟಿಗೆ ತಿಳಿ ಗುಲಾಬಿ ಬೇಡ, ನಮ್ಮ ಬಣ್ಣಕ್ಕೆ ಅದು ಸೋತ ಹಾಗೆ ಕಾಣುತ್ತದೆ. ಇಟ್ಟಿಗೆ ಕೆಂಪು, ನೇರಳೆ ಹಣ್ಣಿನ ಬಣ್ಣ, ಕೆಂಪು ಬೆರೆತ ಕಂದು ನೋಡು. ಅದೇ ಲಿಪ್‌ಸ್ಟಿಕ್ಕನ್ನು ಬೆರಳಿನಲ್ಲಿ ತೆಗೆದು ಕೆನ್ನೆಗೆ ಎರಡು ಸಲ ತಟ್ಟಿದರೆ ಬ್ಲಶ್ ಬೇರೆ ಬೇಕಾಗುವುದಿಲ್ಲ.

ಮದುವೆಗೆ ಮೇಕಪ್ ಮಾಡುವಾಗ ಅಮ್ಮಂದಿರು ನನ್ನ ಕಿವಿಯಲ್ಲಿ ಬಂದು ಹೇಳುತ್ತಾರೆ, "ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಿ" ಅಂತ. ನಾನು ಮಾಡುವುದಿಲ್ಲ. ಹುಡುಗಿ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತಾಳೆ. ಅವಳ ಮುಖ ಸಣ್ಣಗಾಗುವುದು ಕನ್ನಡಿಯಲ್ಲಿ ನನಗೆ ಕಾಣುತ್ತದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನೇ ಗ್ಲೋ ಅಂಡ್ ಲವ್ಲಿ ಅಂತ ಬದಲಾಯಿಸಿತು. ನಮ್ಮ ಮನೆಗಳಲ್ಲಿ ಮಾತು ಇನ್ನೂ ಬದಲಾಗಿಲ್ಲ. ನಿನ್ನ ಬಣ್ಣಕ್ಕೆ ಅರಿಶಿನ ಬಣ್ಣದ ಕುರ್ತಾ, ಇಟ್ಟಿಗೆ ಕೆಂಪು ಲಿಪ್‌ಸ್ಟಿಕ್ ಹಾಕಿ ಒಮ್ಮೆ ನೋಡಿಕೋ ತಂಗಿ. ಆ ಚೆಂದ ಯಾವ ಕ್ರೀಮೂ ಕೊಡುವುದಿಲ್ಲ.

ಮೆಡಿಕಲ್ ಶಾಪ್, ಪುತ್ತೂರು

ಆ ಡಬ್ಬಿಯ ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ. ನಾನು ಫಾರ್ಮಸಿ ಓದಿದವಳು.

ಬೇಗ ಬೆಳ್ಳಗೆ ಮಾಡುವ, ಹೆಸರು ವಿಳಾಸ ಇಲ್ಲದ ಕ್ರೀಮ್‌ಗಳಲ್ಲಿ ಎರಡು ಅಪಾಯ. ಒಂದು, ಪಾದರಸ. ಚರ್ಮ ಬೆಳ್ಳಗಾಗುವುದು ನಿಜ, ಆದರೆ ಪಾದರಸ ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿ ಹಾಳು ಮಾಡಬಹುದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆಯಿಂದ ಬಂದವರನ್ನು ವೈದ್ಯರು ವಿಚಾರಿಸಿದಾಗ ಹಲವರು ಇಂಥ ಕ್ರೀಮ್ ಹಚ್ಚುತ್ತಿದ್ದದ್ದು ಗೊತ್ತಾಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ನಿಮ್ಮ ಗೆಳತಿ ಅದನ್ನು ಈಗಾಗಲೇ ಹಚ್ಚುತ್ತಿದ್ದರೆ, ಕಾಲು ಊದಿಕೊಳ್ಳುವುದು, ಮೂತ್ರ ತುಂಬ ನೊರೆ ಬರುವುದು ಇದೆಯಾ ಎಂದು ಕೇಳಿ. ಇದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಲಿ, ಡಬ್ಬಿಯನ್ನೂ ತೆಗೆದುಕೊಂಡು ಹೋಗಲಿ.

ಇನ್ನೊಂದು, ಸ್ಟೀರಾಯ್ಡ್. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಔಷಧಿ, ಬ್ಯೂಟಿ ಕ್ರೀಮ್ ಅಲ್ಲ. 2018ರಲ್ಲಿ ಇಂಥವನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ "ಅಕ್ಕಾ, ಮುಖಕ್ಕೆ ಹಚ್ಚೋ ಆ ಟ್ಯೂಬ್ ಕೊಡಿ" ಎಂದು ಹುಡುಗಿಯರು ಬರುತ್ತಾರೆ. ಮೊದಲು ಮುಖ ನಯವಾಗಿ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪಾಗುತ್ತದೆ, ಮೊಡವೆ, ಮುಖದ ಮೇಲೆ ಕೂದಲು. ಬಿಟ್ಟರೆ ಉರಿ ಇನ್ನೂ ಜಾಸ್ತಿ, ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ಈಗಾಗಲೇ ಹಚ್ಚುತ್ತಿರುವವರು ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೆ ಬಿಡಿ.

ನರ್ಸಿಂಗ್ ಫೈನಲ್ ಇಯರ್

ಪಾರ್ಲರ್ ಅಕ್ಕ ಹೇಳಿದ ಟಿಶ್ಯೂ ವಿಷಯಕ್ಕೆ ಒಂದು ಸೇರಿಸ್ತೀನಿ. ಮಧ್ಯಾಹ್ನ ಮುಖ ಹೊಳೆಯುವಾಗ ಸುಮ್ನೆ ಮೇಲೆ ಕಾಂಪ್ಯಾಕ್ಟ್ ಒತ್ತಬೇಡಿ. ಬೆವರಿನ ಮೇಲೆ ಪೌಡರ್ ಬಿದ್ದರೆ ತೇಪೆ ಹಾಕಿದ ಹಾಗೆ ಆಗುತ್ತೆ. ಮೊದಲು ಟಿಶ್ಯೂ ಒತ್ತಿ ಎಣ್ಣೆ, ಬೆವರು ತೆಗೆದು, ಆಮೇಲೆ ಹಣೆ, ಮೂಗು, ಗಲ್ಲಕ್ಕೆ ಮಾತ್ರ ಪೌಡರ್. ನಾನು ಡ್ಯೂಟಿಯಲ್ಲಿ ಮಾಸ್ಕ್ ಹಾಕ್ತೀನಿ. ಲಿಪ್‌ಸ್ಟಿಕ್ ಹಚ್ಚಿ, ಟಿಶ್ಯೂ ಕಚ್ಚಿ, ಮತ್ತೆ ತೆಳ್ಳಗೆ ಹಚ್ಚಿದರೆ ಮಾಸ್ಕಿಗೆ ಅಷ್ಟಾಗಿ ಅಂಟಲ್ಲ. ಮುಖಕ್ಕೆ ನಿಂಬೆಹಣ್ಣು ಉಜ್ಜುವವರಿದ್ದರೆ ದಯವಿಟ್ಟು ಬಿಡಿ. ನಿಂಬೆರಸ ಇರುವ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕಲೆ ಆಗುತ್ತೆ.

ಘಟ್ಟದ ಮೇಲಿನವಳು

ಅಕ್ಕಾ, ಎಲ್ಲರಿಗೂ ತುಂಬ ಥ್ಯಾಂಕ್ಸ್. ಗೆಳತಿಗೆ ಮೆಡಿಕಲ್ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಅವಳಿಗೆ ಈಗ ಭಯ ಆಗಿದೆ, ವೆನ್ಲಾಕ್ ಆಸ್ಪತ್ರೆಗೆ ಒಟ್ಟಿಗೆ ಹೋಗುತ್ತಿದ್ದೇವೆ. ಇವತ್ತು ಕಾಡಿಗೆಯನ್ನು ಮೇಲಿನ ರೆಪ್ಪೆಗೆ ಮಾತ್ರ ಹಾಕಿದ್ದೆ, ಊಟದ ಹೊತ್ತಿನವರೆಗೂ ಹಾಗೇ ಇತ್ತು!

ಇನ್ನೆರಡು ಕೇಳಲಾ? ಇರುವ ಫೌಂಡೇಶನ್ ಎಸೆಯಬೇಕಾ? ದುಡ್ಡು ಕೊಟ್ಟು ತಂದದ್ದು, ಹೊಟ್ಟೆ ಉರಿಯುತ್ತೆ. ಮತ್ತೆ, ನಾನು ದಿನಾ ಹಣೆಗೆ ಸ್ಟಿಕ್ಕರ್ ಇಡುತ್ತೇನೆ. ಅದರ ಜಾಗದಲ್ಲಿ ಈಗೀಗ ತುರಿಕೆ, ಚರ್ಮ ಸ್ವಲ್ಪ ಬೆಳ್ಳಗಾದ ಹಾಗಿದೆ. ಅದನ್ನು ಮುಚ್ಚಲು ಕನ್ಸೀಲರ್ ಹಚ್ಚಬಹುದಾ?

ಉಡುಪಿ ಪಾರ್ಲರ್ ಅಕ್ಕ

ಮುಚ್ಚುವ ಮಾತು ಆಮೇಲೆ. ಸ್ಟಿಕ್ಕರ್ ಇವತ್ತಿನಿಂದಲೇ ಬಿಡು. ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಇರುತ್ತದೆ. ಅದು ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಕೊಲ್ಲುತ್ತದೆ. ಅದೇ ಜಾಗದಲ್ಲಿ ದಿನಾ ಇಟ್ಟರೆ ಬಿಳಿ ಮಚ್ಚೆ ಉಳಿದುಬಿಡಬಹುದು. ಹಣೆಯ ನಡುವೆ ಗುಂಡಗೆ ಬಿಳಿ ಮಚ್ಚೆ ಇರುವ ಹೆಂಗಸರನ್ನು ನೀನೂ ನೋಡಿರಬಹುದು. ಬೇಗ ಗಮನಿಸಿದ್ದೀಯ, ಒಳ್ಳೆಯದಾಯಿತು. ಹೇಗೂ ವೆನ್ಲಾಕ್‌ಗೆ ಹೋಗುತ್ತಿದ್ದೀರಲ್ಲ, ಚರ್ಮದ ವಿಭಾಗದಲ್ಲಿ ನಿನ್ನ ಹಣೆಯನ್ನೂ ತೋರಿಸು. ತುರಿಕೆ ಹೋಗುವವರೆಗೆ ಆ ಜಾಗಕ್ಕೆ ಕುಂಕುಮವೂ ಬೇಡ, ಕನ್ಸೀಲರೂ ಬೇಡ. ಆಮೇಲೆ ಬೊಟ್ಟು ಬೇಕೆನಿಸಿದರೆ ಯಾವುದನ್ನು ಇಡಬಹುದು ಎಂದು ಡಾಕ್ಟರನ್ನೇ ಕೇಳು.

ಫೌಂಡೇಶನ್ ಎಸೆಯಬೇಡ. ಅದಕ್ಕಿಂತ ಗಾಢವಾದ, ಹಳದಿ ಛಾಯೆಯ ಇನ್ನೊಂದನ್ನು ಚಿಕ್ಕ ಟ್ಯೂಬಿನಲ್ಲಿ ತಗೊಂಡು, ಅಂಗೈ ಹಿಂಬದಿಯಲ್ಲಿ ಎರಡನ್ನೂ ಬೆರೆಸಿ ನಿನ್ನ ದವಡೆಯ ಬಣ್ಣಕ್ಕೆ ತಂದುಕೋ. ನಾವು ಪಾರ್ಲರಿನಲ್ಲಿ ಮಾಡುವುದೂ ಅದನ್ನೇ. ಮದುವೆ, ಮುಂಜಿಗೆ ಆಗುತ್ತದೆ. ಡಬ್ಬಿಯ ಹಿಂದೆ ಮುಚ್ಚಳ ತೆಗೆದ ಡಬ್ಬಿಯ ಚಿತ್ರ, ಒಳಗೆ 12ಎಂ ಅಥವಾ 6ಎಂ ಅಂತ ಇರುತ್ತದೆ ನೋಡು. ತೆರೆದ ಮೇಲೆ ಅಷ್ಟು ತಿಂಗಳು ಮಾತ್ರ ಬಳಸಬೇಕು. ತೆರೆದ ತಾರೀಕನ್ನು ಪೆನ್ನಿನಲ್ಲಿ ಮೇಲೆ ಬರೆದಿಡು.

ನಿನ್ನ 1500ರಲ್ಲಿ ಮೊದಲು ಸನ್‌ಸ್ಕ್ರೀನ್, ಆಮೇಲೆ ಕನ್ಸೀಲರ್, ಉಳಿದರೆ ಲಿಪ್‌ಸ್ಟಿಕ್. ಶೇಡ್ ನೋಡಲು ಹೋಗುವ ದಿನ ಮುಖಕ್ಕೆ ಏನೂ ಹಚ್ಚದೆ ಹೋಗು. ಅಂಗಡಿ ತೆರೆದ ಸ್ವಲ್ಪ ಹೊತ್ತಿಗೇ ಹೋದರೆ ಗಿರಾಕಿಗಳು ಕಡಿಮೆ, ಹೊರಗೆ ಹೋಗಿ ಬಂದು ನೋಡಿದರೂ ಯಾರೂ ಗೊಣಗುವುದಿಲ್ಲ.