ಮಗ ಆಡಿದ ಮಾತಿನ ಬಗ್ಗೆ ತಿಳಿದವರಲ್ಲಿ ಒಂದು ಪ್ರಶ್ನೆ

ನಾಪೋಕ್ಲು, ಈಗ ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಹನ್ನೊಂದನೆಯ ತರಗತಿಯಲ್ಲಿರುವ ನನ್ನ ಮಗ, ಅಂಕಗಳು ಬಂದ ದಿನ ಊಟಕ್ಕೆ ಕುಳಿತವನು, "ನಾನಿಲ್ಲದಿದ್ದರೆ ನಿಮಗೆ ಖರ್ಚಾದರೂ ಉಳಿಯುತ್ತಿತ್ತು" ಎಂದು ಹೇಳಿ ಎದ್ದು ಹೋದ. ಅವನ ಅಪ್ಪ ಅದು ಸಿಟ್ಟಿನ ಮಾತು ಎನ್ನುತ್ತಾರೆ. ನನಗೆ ಅಂದಿನಿಂದ ನಿದ್ದೆಯಿಲ್ಲ. ಸಾಯುವ ಯೋಚನೆಯಿದೆಯೇ ಎಂದು ನೇರವಾಗಿ ಕೇಳಿದರೆ, ಇಲ್ಲದ್ದನ್ನು ನಾನೇ ಅವನ ತಲೆಗೆ ತುಂಬಿದಂತಾಗುವುದಿಲ್ಲವೇ?

ಸೋಮವಾರಪೇಟೆ, ಈಗ ಡಲ್ಲಾಸ್:
ತಂಗಿ, ಇಂದೇ ಕೇಳಿ. ನಾನು ಆಸ್ಪತ್ರೆಯಲ್ಲಿ ನರ್ಸ್. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸಿನಲ್ಲಿದ್ದರೆ ಹೊರಬರಲು ದಾರಿಯಾಗುತ್ತದೆ. ಉತ್ತರ ಬಂದಾಗ ಬುದ್ಧಿ ಹೇಳಲು ಹೋಗದೆ ಕೇಳಿಸಿಕೊಳ್ಳಿ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ, ಅವನ ವೈದ್ಯರಿಗೆ ತಿಳಿಸಿ. 2022ರ ಜುಲೈನಿಂದ ಅಮೆರಿಕದ ಎಲ್ಲೆಡೆ ಆತ್ಮಹತ್ಯೆ ತಡೆಯುವ ಸಹಾಯವಾಣಿಯ 988 ಸಂಖ್ಯೆ ಹಗಲೂ ರಾತ್ರಿ ಲಭ್ಯವಿದೆ. ತಾಯಿಯಾದ ನೀವೂ ಕರೆ ಮಾಡಬಹುದು.

ವಿರಾಜಪೇಟೆ, ಈಗ ಕ್ಯಾಲಿಫೋರ್ನಿಯಾ:
ದೂರವಾಣಿ ಸಂಖ್ಯೆಗಳು ಮಕ್ಕಳನ್ನು ಬೆಳೆಸುವುದಿಲ್ಲ. ಕೊಡಗಿನ ನಮ್ಮ ಮೂಲಮನೆಯಾದ ಐನ್‌ಮನೆಯ ದೀಪಕ್ಕೆ ಕೈಮುಗಿದು ಬೆಳೆದ ನಮ್ಮನ್ನು ಯಾವ ಒಕ್ಕದವರು, ಅಂದರೆ ಯಾವ ಮನೆತನದವರೆಂದು ಕೇಳುತ್ತಿದ್ದರೇ ಹೊರತು ಎಷ್ಟು ಅಂಕವೆಂದು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಸಂಬಳ, ಬಡಾವಣೆ, ಕಾಲೇಜಿನ ಹೆಸರು, ಇವಿಷ್ಟೇ ಮನುಷ್ಯನ ಬೆಲೆ. ಹುಡುಗನನ್ನು ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಗೆ ಊರಿಗೆ ಕರೆದೊಯ್ಯಿರಿ, ಗದ್ದೆಯಲ್ಲಿ ಹೊಸ ಭತ್ತದ ಕದಿರು ತೆಗೆಯಲಿ, ಎಲ್ಲವೂ ಸರಿಯಾಗುತ್ತದೆ. ನನ್ನ ಮಕ್ಕಳಿಬ್ಬರೂ ಹೀಗೆ ಬೆಳೆದೇ ವೈದ್ಯರಾದರು.

ಮಡಿಕೇರಿ, ಈಗ ಲಂಡನ್:
ಅಣ್ಣ, ವೈದ್ಯರಾದರೆಂಬುದನ್ನೇ ಸಾಕ್ಷಿಯಾಗಿ ಕೊಟ್ಟಿರಲ್ಲ, ಆ ಹುಡುಗನನ್ನು ಕೊರೆಯುತ್ತಿರುವ ಅಳತೆಗೋಲೂ ಅದೇ. ಸಮಾಜದ ಬಂಧ ಸಡಿಲವಾದಾಗ ಮಾತ್ರವಲ್ಲ, ಅದರ ಹಿಡಿತ ಅತಿಯಾದಾಗಲೂ ಜನರು ಪ್ರಾಣ ಕಳೆದುಕೊಳ್ಳುತ್ತಾರೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲೇ ವಾದಿಸಿದ್ದ. ನಮ್ಮೂರಿನಲ್ಲೂ ಅಂಥ ಸಾವುಗಳಿದ್ದವು. ಪೊಲೀಸರಿಗೂ ನೆಂಟರಿಗೂ ಅಂಜಿ ಬೇರೆ ಕಾರಣ ಹೇಳುತ್ತಿದ್ದರು, ಅಷ್ಟೇ. ಬದುಕುಳಿದವರನ್ನು ಭಾರತೀಯ ದಂಡಸಂಹಿತೆಯ 309ನೆಯ ಕಲಂ ಅಪರಾಧಿಗಳೆಂದು ಕಂಡಿತ್ತು. ಅವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಆರೈಕೆ ನೀಡಬೇಕೆಂದು ಹೇಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಬರಬೇಕಾಯಿತು.

ಕುಶಾಲನಗರ, ಈಗ ದುಬೈ:
ನನ್ನ ಬೆಲೆಯಂತೂ ತಿಂಗಳ ಮೊದಲ ವಾರದಲ್ಲಿ ಊರಿಗೆ ಹೋಗುವ ಹಣ. ಕೆಲಸ ಹೋದಾಗಲೂ ಮನೆಯಲ್ಲಿ ಹೇಳಲಾಗದೆ, ಸಾಲ ಮಾಡಿ ಕಳುಹಿಸಿದ್ದುಂಟು. ಊರಿನ ಕಾಫಿ ತೋಟವನ್ನು ಮಾರದೆ ಅಲ್ಲೇ ಉಳಿದಿದ್ದರೆ ಎಂದು ಈಗಲೂ ಅನಿಸುತ್ತದೆ.

ವಿರಾಜಪೇಟೆ, ಈಗ ಕ್ಯಾಲಿಫೋರ್ನಿಯಾ:
ಅದನ್ನೇ ನಾನೂ ಹೇಳುತ್ತಿರುವುದು, ಬೇರು ಕಡಿದುಕೊಂಡ ಮೇಲೆ ಯಾವ ಕಾಯ್ದೆಯೂ ಉಪಯೋಗಕ್ಕೆ ಬಾರದು. ವಿದೇಶಿ ಪಂಡಿತರು ನಮಗೆ ಬದುಕಲು ಕಲಿಸಬೇಕಾಗಿಲ್ಲ.

ನಾಪೋಕ್ಲು, ಈಗ ನ್ಯೂಜೆರ್ಸಿ:
ಪುತ್ತರಿಗೆ ಇನ್ನೂ ತಿಂಗಳುಗಳಿವೆ, ಅಣ್ಣ. ನನ್ನ ಚಿಂತೆ ಈ ರಾತ್ರಿಯದು. ಆ ಸಂಖ್ಯೆಗೆ ಕರೆ ಮಾಡಿದರೆ ಶಾಲೆಗೆ ತಿಳಿಯುತ್ತದೆಯೇ, ಅಕ್ಕ?

ಸೋಮವಾರಪೇಟೆ, ಈಗ ಡಲ್ಲಾಸ್:
ಶಾಲೆಗೆ ತಿಳಿಸುವುದಿಲ್ಲ. ಜೀವಕ್ಕೆ ತಕ್ಷಣದ ಅಪಾಯವಿದೆ ಎನಿಸಿದರೆ ಮಾತ್ರ ತುರ್ತು ಸೇವೆಯವರನ್ನು ಕಳುಹಿಸಬಹುದು. ಮೊದಲು ಅವನ ಕೋಣೆಗೆ ಹೋಗಿ ಕೇಳಿ. ನಾನು ಎಚ್ಚರವಾಗಿಯೇ ಇರುತ್ತೇನೆ, ನನಗೂ ಕರೆ ಮಾಡಿ.