ಪದ ಬೇಕು (ತುರ್ತು): ವೆಬರನ 'ಬೆರೂಫ್' – ವೃತ್ತಿಯೋ, ಕಾಯಕವೋ, ಕರೆಯೋ?

ಎಲ್ಲರಿಗೂ ನಮಸ್ಕಾರ.

ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರ ಜನವರಿ 28ರಂದು ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳೆದುರು ಮಾಡಿದ 'ಪೊಲಿಟೀಕ್ ಆಲ್ಸ್ ಬೆರೂಫ್' ಉಪನ್ಯಾಸದ ಅನುವಾದ ಮುಗಿದಿದೆ, ಹೆಸರೊಂದನ್ನು ಬಿಟ್ಟು. ಶುಕ್ರವಾರ ಮಧ್ಯಾಹ್ನ ಮುಖಪುಟ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ 'ರಾಜಕಾರಣ: ಒಂದು ವೃತ್ತಿ' ಎಂದಿಟ್ಟಿದ್ದೇನೆ, ಸಮಾಧಾನವಿಲ್ಲ. 'ಬೆರೂಫ್'ನಲ್ಲಿ ಹೊಟ್ಟೆಪಾಡಿನ ಕೆಲಸವೂ ಇದೆ, ರೂಫನ್ ಅಂದರೆ ಕರೆಯುವುದೂ ಇದೆ. ವೃತ್ತಿಯಲ್ಲಿ ಎರಡನೆಯದು ಕೇಳಿಸುವುದಿಲ್ಲ.

ಪದ ಸೂಚಿಸುವವರು ದಯವಿಟ್ಟು ಮೂರು ಕಡೆ ಇಟ್ಟು ನೋಡಿ ಹೇಳಿ. ಒಂದು, 'ಬೆರೂಫ್ಸ್‌ಪೊಲಿಟಿಕರ್', ಅಂದರೆ ರಾಜಕಾರಣವನ್ನೇ ಕಸುಬು ಮಾಡಿಕೊಂಡವನು. ಎರಡು, 'ನೇಬನ್‌ಬೆರೂಫ್': ಬೇರೆ ಕೆಲಸ ಇಟ್ಟುಕೊಂಡು ಬೇಕಾದಾಗ ಮಾತ್ರ ಪಕ್ಷದ ಕೆಲಸ ನೋಡುವ ಪದಾಧಿಕಾರಿಗಳ ಬಗ್ಗೆ ಬರುತ್ತದೆ. ಮೂರು, ಕೊನೆಯ ವಾಕ್ಯ: ಲೋಕ ತನ್ನ ಕಣ್ಣಿಗೆ ಎಷ್ಟೇ ಪೆದ್ದಾಗಿ, ಎಷ್ಟೇ ಕೀಳಾಗಿ ಕಂಡರೂ ಮುರಿದುಬೀಳದೆ 'ಆದರೂ!' ಎನ್ನಬಲ್ಲವನಿಗೆ ಮಾತ್ರ ರಾಜಕಾರಣದ 'ಬೆರೂಫ್' ಇದೆ. ಇಲ್ಲಿ ಪದಕ್ಕೆ ಉದ್ಧರಣ ಚಿಹ್ನೆ ಹಾಕಿದವನು ವೆಬರನೇ, ನಾನಲ್ಲ.

ಮೈಸೂರಿನಿಂದ

'ಕಾಯಕ' ಇರುವಾಗ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಮೇಡಂ? 'ರಾಜಕಾರಣವೆಂಬ ಕಾಯಕ'. ದುಡಿಮೆ, ಹೊಟ್ಟೆಪಾಡು, ದೈವ ಮೂರೂ ಒಂದೇ ಪದದಲ್ಲಿ ಬಂತು. ವೆಬರ್ ಲಿಂಗಾಯತರ ಬಗ್ಗೆಯೂ ಬರೆದವನು. ಕನ್ನಡ ಬಂದಿದ್ದರೆ ಇದನ್ನೇ ಆರಿಸುತ್ತಿದ್ದ. ಬಸವಣ್ಣನವರ 'ಕಾಯಕವೇ ಕೈಲಾಸ'ದ ಮುಂದೆ ಬೆರೂಫ್‌ಗೆ ಈ ಅರ್ಥ ಕೊಟ್ಟ ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ಏನೂ ಅಲ್ಲ.

ಧಾರವಾಡದಿಂದ

> ಬಸವಣ್ಣನವರ 'ಕಾಯಕವೇ ಕೈಲಾಸ'

ಅದು ಆಯ್ದಕ್ಕಿ ಮಾರಯ್ಯನ ವಚನದ ಮಾತು. ಎಷ್ಟು ಸಲ ಬರೀಬೇಕ್ರಿ ಇದನ್ನ?

ಕಾಯಕ ಇಲ್ಲಿ ಕೂಡುವುದಿಲ್ಲ. ಪ್ರಾಟೆಸ್ಟೆಂಟರ ಬೆರೂಫ್ ಕುರಿತು ವೆಬರ್ 1904–05ರಲ್ಲಿ ಬರೆದದ್ದರ ತಿರುಳೇನು? ದುಡಿ, ಆದರೆ ಭೋಗಿಸಬೇಡ. ಭೋಗಿಸದೆ ಉಳಿದದ್ದು ಬಂಡವಾಳವಾಗುತ್ತದೆ. ಕಾಯಕದಲ್ಲಿ ಉಳಿಸುವುದೇ ತಪ್ಪು, ಹೆಚ್ಚಾದದ್ದು ದಾಸೋಹಕ್ಕೆ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ 'ಅಲ್ಲಿಯೇ ಸುರಿದು ಬನ್ನಿ' ಎಂದು ಹಿಂದಕ್ಕೆ ಕಳಿಸಿದವಳು. ಇನ್ನೊಂದು ವಚನದಲ್ಲಿ ಆಕೆ ಹೇಳುವುದು ಆಸೆ ಅರಸನಿಗೇ ಹೊರತು ಶಿವಭಕ್ತರಿಗಲ್ಲ ಎಂದು. ಅರಸನನ್ನು ಹೊರಗಿಟ್ಟ ಪದವನ್ನೇ ತಂದು ಅರಸುತನಕ್ಕೆ ಅಂಟಿಸುತ್ತೀರಲ್ಲ?

ಇನ್ನೊಂದು. ಈ ಉಪನ್ಯಾಸದಲ್ಲಿ ವೆಬರ್ ಹೇಳುವುದು, ರಾಜಕಾರಣಕ್ಕಿಳಿದವನು ಅಧಿಕಾರ ಮತ್ತು ಬಲಪ್ರಯೋಗವನ್ನು ಸಾಧನ ಮಾಡಿಕೊಳ್ಳುವುದರಿಂದ ಪೈಶಾಚಿಕ ಶಕ್ತಿಗಳ ಜೊತೆ ಒಪ್ಪಂದ ಮಾಡಿಕೊಂಡ ಹಾಗೆ ಎಂದು. ಕಾಯಕಕ್ಕೆ ಮೊದಲ ಷರತ್ತು ಶುದ್ಧಿ. ಎರಡೂ ಒಂದೇ ಮುಖಪುಟದ ಮೇಲೆ ಹೇಗೆ ಕೂಡುತ್ತವೆ ನೀವೇ ಹೇಳ್ರಿ.

'ಸ್ವಧರ್ಮ' ಅನ್ನಲು ಯಾರೋ ಬಾಯಿ ತೆರೆದಿರಬಹುದು. ಅದೂ ಬೇಡ. ಇದೇ ಉಪನ್ಯಾಸದಲ್ಲಿ ಗೀತೆಯ ಕೃಷ್ಣಾರ್ಜುನರ ಪ್ರಸ್ತಾಪವಿದೆ, ಯೋಧಜಾತಿಯ ಧರ್ಮದ ಮಾತಿದೆ. ಅಲ್ಲಿ ಧರ್ಮ ಅನ್ನಲೇಬೇಕು. ಬೆರೂಫ್‌ಗೂ ಅದನ್ನೇ ಹಾಕಿದರೆ ಓದುಗನಿಗೆ ಯಾವುದು ವೆಬರನ ಮಾತು, ಯಾವುದು ಅವನು ಕೊಡುವ ಉದಾಹರಣೆ ಎಂದೇ ತಿಳಿಯುವುದಿಲ್ಲ.

ಶಿವಮೊಗ್ಗದಿಂದ

'ವೃತ್ತಿ'ಯನ್ನು ಇಷ್ಟು ಹಗುರ ಮಾಡಬೇಡಿ. ನಮ್ಮ ಶಾಸನಗಳಲ್ಲಿ ವೃತ್ತಿ ಎಂದರೆ ಅಗ್ರಹಾರದಲ್ಲಿ ಒಬ್ಬೊಬ್ಬರಿಗೆ ಹಂಚಿಕೊಟ್ಟ ಭೂಮಿಯ ಪಾಲು. ಇಷ್ಟು ವೃತ್ತಿ ಇಂಥವರಿಗೆ ಎಂದು ಲೆಕ್ಕ ಹಾಕಿ ಕೆತ್ತಿರುತ್ತಾರೆ. ವೆಬರ್ ರಾಜಕಾರಣ'ಕ್ಕಾಗಿ' ಬದುಕುವವನು, ರಾಜಕಾರಣ'ದಿಂದ' ಬದುಕುವವನು ಎಂದು ಎರಡು ಮಾಡಿ, ಎರಡನೆಯವನನ್ನು ಸಂಬಳದ ಅಧಿಕಾರಿ ಅಥವಾ 'ಫ್ರ್ಯುಂಡೆ' ಉಣ್ಣುವವನು ಎನ್ನುತ್ತಾನೆ. ಫ್ರ್ಯುಂಡೆ ಎಂದರೆ ಹುದ್ದೆಗೆ ಅಂಟಿದ ಉಂಬಳಿ. ಅದೇ ನಮ್ಮ ವೃತ್ತಿ! ಅನುವಾದಕರು ಫ್ರ್ಯುಂಡೆಗೆ ಏನು ಹಾಕಿದ್ದಾರೋ ತಿಳಿಯದು, ಹಾಕಬೇಕಾದದ್ದು ಇದು.

ಬೆಂಗಳೂರಿನಿಂದ

ಕಾಯಕ, ವೃತ್ತಿ, ಸ್ವಧರ್ಮ. ಮೂರೂ ಸಕ್ಕದ, ಅಂದರೆ ಸಂಸ್ಕೃತ. ಕನ್ನಡಿಗರು ಕನ್ನಡದಲ್ಲಿ ಯೋಚಿಸುವುದು ಯಾವಾಗ?

'ಬೆಸ' ಇದೆಯಲ್ಲ. ಬೆಸಸು ಎಂದರೆ ಅಪ್ಪಣೆ ಕೊಡು, ಬೆಸಗೆಯ್ ಎಂದರೆ ಹೇಳಿದ ಕೆಲಸ ಮಾಡು. ಮೇಲಿನಿಂದ ಬಂದ ಅಪ್ಪಣೆಯೂ ಕೆಳಗೆ ನಡೆಯುವ ಕೆಲಸವೂ ಒಂದೇ ಒರೆಯಲ್ಲಿವೆ. ಬೆರೂಫ್‌ನಲ್ಲಿ ಇರುವುದೂ ಇವೇ ಎರಡು. 'ಆಳ್ವಿಕೆಯ ಬೆಸ' ಎಂದಿಡಿ. ಹಳತೆನಿಸಿದರೆ 'ಕಸುಬು' ಇದೆ, ಅಚ್ಚಗನ್ನಡ.

ಧಾರವಾಡದಿಂದ

ಕಸುಬು ಅಚ್ಚಗನ್ನಡ! ಅರಬ್ಬಿಯ 'ಕಸ್ಬ್', ಗಳಿಕೆ. 'ಕಸಬಿ' ಅಂದ್ರ ಏನು ಅಂತ ಹಿರಿಯರನ್ನ ಕೇಳಿ ನೋಡ್ರಿ, ಆಮೇಲೆ ಮುಖಪುಟಕ್ಕೆ ಹಾಕೋಣ.

ಬೆಸ ಚೆಂದದ ಪದ, ಒಪ್ಪಿದೆ. ಆದರೆ ಇವತ್ತಿನ ಓದುಗನಿಗೆ ಸರಿ-ಬೆಸ ಮಾತ್ರ ಗೊತ್ತು. ಅಂಗಡಿಯಲ್ಲಿ ನಿಂತವನು ಇದನ್ನು ಗಣಿತದ ಪುಸ್ತಕ ಅಂದುಕೊಳ್ಳುತ್ತಾನೆ.

ಬೆಂಗಳೂರಿನಿಂದ

ಸರಿ-ಬೆಸದ ಬೆಸವೇ ಬೇರೆ. ತಿಳಿಯದವರಿಗೆ ತಿಳಿಸುವುದಕ್ಕೇ ಪುಸ್ತಕ.

ಫ್ರಾಂಕ್‌ಫರ್ಟ್‌ನಿಂದ

ನಾಲ್ಕು ದಿನವಾದರೂ ಕೇಳಿದ ಮೂರು ಜಾಗಗಳಲ್ಲಿ ಯಾರೂ ಪದವನ್ನು ಇಟ್ಟು ನೋಡಿಲ್ಲ. ನಾನು ಇಡುತ್ತೇನೆ.

ಕಾಯಕ: 'ಕಾಯಕ ರಾಜಕಾರಣಿ', 'ಉಪಕಾಯಕ'. ಎರಡೂ ನಗೆಪಾಟಲು. ಬೆಸ: 'ಬೆಸ ರಾಜಕಾರಣಿ'. ಮುಂದಕ್ಕೆ ಹೋಗೋಣ. ವೃತ್ತಿ: 'ವೃತ್ತಿ ರಾಜಕಾರಣಿ', 'ಉಪವೃತ್ತಿ'. ಎರಡೂ ಪತ್ರಿಕೆಯಲ್ಲಿ ಅಡಿಟಿಪ್ಪಣಿ ಬೇಡದೆ ನಡೆಯುತ್ತವೆ. ಕೊನೆಯ ವಾಕ್ಯದಲ್ಲಿ ಮಾತ್ರ ವೃತ್ತಿ ಬೀಳುತ್ತದೆ. 'ಅವನಿಗೆ ಮಾತ್ರ ರಾಜಕಾರಣದ ವೃತ್ತಿ ಇದೆ' ಎಂದರೆ ಉಳಿದವರಿಗೆ ಕೆಲಸ ಸಿಗಲಿಲ್ಲ ಎಂದಾಗುತ್ತದೆ.

ಹೆಸರಿನ ವಿಷಯಕ್ಕೆ ಒಂದು ಸಂಗತಿ ಮುಖ್ಯ. 'ಆಲ್ಸ್ ಬೆರೂಫ್' ಎಂಬ ಬಾಲ ವೆಬರನ ಆಯ್ಕೆಯಲ್ಲ. ಕರೆಸಿದ ವಿದ್ಯಾರ್ಥಿ ಸಂಘ ಬೌದ್ಧಿಕ ಕೆಲಸವನ್ನು ಬೆರೂಫ್ ಆಗಿ ನೋಡುವ ಮಾಲಿಕೆ ಇಟ್ಟಿತ್ತು. 1917ರ ನವೆಂಬರ್ 7ರಂದು ವಿಜ್ಞಾನದ ಬಗ್ಗೆ ಮಾತಾಡಿದ್ದೂ ಅದೇ ಮಾಲಿಕೆಯಲ್ಲಿ. ಮುಂದೆ ಏನು ಕೆಲಸ ಹಿಡಿಯೋಣ ಎಂಬ ಹುಡುಗರ ಪ್ರಶ್ನೆ ಅದು. ವೆಬರ್ ಮೊದಲ ಮಾತಿನಲ್ಲೇ 'ನಿಮಗೆ ನಿರಾಸೆಯಾಗುತ್ತದೆ' ಎಂದು ಎಚ್ಚರಿಸಿ, ಗಂಟೆಗಟ್ಟಲೆ ಆಡಳಿತ, ಪಕ್ಷಯಂತ್ರ, ಸಂಬಳ ಎಲ್ಲ ಹೇಳಿ, ಕಟ್ಟಕಡೆಗೆ ಪದದ ಒಳಗಿನ ಕರೆಯನ್ನು ಎಬ್ಬಿಸುತ್ತಾನೆ. ಹೆಸರಿನಲ್ಲೇ ಕರೆಯನ್ನು ಜೋರಾಗಿ ಕೂಗಿದರೆ ಆ ಕೊನೆಯ ಏಟು ವ್ಯರ್ಥ. ಹಾಗಾಗಿ ಮುಖಪುಟಕ್ಕೆ ವೃತ್ತಿಯೇ ಸರಿ.

ನಿಜಕ್ಕೂ ಕಾಲು ಜಾರುವುದು ಬೆರೂಫ್‌ನಲ್ಲಲ್ಲ, 'ಪೊಲಿಟೀಕ್'ನಲ್ಲಿ. ಆರಂಭದಲ್ಲೇ ಬ್ಯಾಂಕುಗಳ ವಿದೇಶಿ ಹಣದ ಪೊಲಿಟೀಕ್, ರೈಕ್ಸ್‌ಬ್ಯಾಂಕಿನ (ಜರ್ಮನಿಯ ಅಂದಿನ ಕೇಂದ್ರ ಬ್ಯಾಂಕು) ಬಡ್ಡಿದರದ ಪೊಲಿಟೀಕ್, ಕಾರ್ಮಿಕ ಸಂಘದ ಮುಷ್ಕರದ ಪೊಲಿಟೀಕ್, ಊರಿನ ಶಾಲೆಗಳ ಪೊಲಿಟೀಕ್, ಕಡೆಗೆ ಗಂಡನನ್ನು ನಡೆಸಲು ನೋಡುವ ಜಾಣ ಹೆಂಡತಿಯ ಪೊಲಿಟೀಕ್ ಎಂದು ಸಾಲಾಗಿ ಬರುತ್ತದೆ. ರಾಜಕಾರಣ ಹಾಕಿದರೆ 'ರೈಕ್ಸ್‌ಬ್ಯಾಂಕಿನ ಬಡ್ಡಿ ರಾಜಕಾರಣ', ಹಗರಣದ ವರದಿಯಂತೆ ಓದಿಸಿಕೊಳ್ಳುತ್ತದೆ. ಆ ಪ್ಯಾರಾಕ್ಕೆ 'ನೀತಿ' ಬೇಕು. ಆದರೆ ಕೊನೆಯ ಭಾಗದಲ್ಲಿ 'ಎಟೀಕ್'ಗೂ ನೀತಿ ಎಂದಿದ್ದರೆ ಕೆಟ್ಟಿತು. ಅಲ್ಲಿ 'ನೈತಿಕತೆ' ಮಾಡಿ, ನೀತಿಯನ್ನು ಮೊದಲ ಪುಟಕ್ಕೆ ಮೀಸಲಿಡಿ.

ಇನ್ನೊಂದು, ಇದು ಖುಷಿಯ ಸುದ್ದಿ. ರಾಜಕಾರಣಿಗೆ ಬೇಕಾದ ಮೂರು ಗುಣಗಳಲ್ಲಿ ಮೂರನೆಯದು 'ಔಗನ್‌ಮಾಸ್'. ಔಗನ್ ಕಣ್ಣು, ಮಾಸ್ ಅಳತೆ. 1946ರ ಇಂಗ್ಲಿಷ್ ಅನುವಾದದಲ್ಲಿ ಒಂದು ಕಡೆ ಪ್ರಮಾಣಪ್ರಜ್ಞೆ ಎಂಬರ್ಥದ ಪದ, ಕೊನೆಯಲ್ಲಿ ದೃಷ್ಟಿಕೋನ ಎಂಬರ್ಥದ ಪದ ಹಾಕಿ ಒಂದೇ ಪದವನ್ನು ಎರಡು ಮಾಡಿಟ್ಟಿದ್ದಾರೆ. ಇಂಗ್ಲಿಷಿನ ದಾರಿಯಲ್ಲಿ ಬಂದವರು ಕನ್ನಡದಲ್ಲೂ 'ಅನುಪಾತ ಪ್ರಜ್ಞೆ', 'ದೃಷ್ಟಿಕೋನ' ಎಂದು ಒದ್ದಾಡುತ್ತಾರೆ. ಗಾರೆಯವನ, ಬಡಗಿಯ ಬಾಯಲ್ಲಿ 'ಕಣ್ಣಳತೆ' ಇದೆ. ಅದರಲ್ಲೂ ಆ ಕೊನೆಯ ಮಾತು ಬಡಗಿಯದೇ: ರಾಜಕಾರಣವೆಂದರೆ ಗಟ್ಟಿ ಹಲಗೆಯನ್ನು ಬಲಹಾಕಿ ನಿಧಾನವಾಗಿ ಕೊರೆಯುವುದು, ತೀವ್ರ ಹಂಬಲ ಮತ್ತು ಕಣ್ಣಳತೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು. ಬೈರಿಗೆ ಹಿಡಿದವನಿಗೆ ದೃಷ್ಟಿಕೋನ ಯಾಕೆ?

ಬೆಂಗಳೂರಿನಿಂದ

ಕಣ್ಣಳತೆಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಹೇಳುತ್ತ ಬಂದದ್ದೂ ಇದೇ: ಹುಡುಕಿದರೆ ಸಿಗುತ್ತದೆ. ಆದರೆ ಒಂದು ಮೂಲಪದಕ್ಕೆ ಒಂದೇ ಪದ ಎಂಬ ಕಟ್ಟಳೆ ಔಗನ್‌ಮಾಸ್‌ಗೆ ಬೇಕು, ಬೆರೂಫ್‌ಗೆ ಬೇಡವೆ?

ಶಿವಮೊಗ್ಗದಿಂದ

ಕಟ್ಟಳೆ ಬೇಕಾದರೆ ಬೆರೂಫ್ ಎಂದೇ ಬಿಡಿ. ಪದ ಎರವಲು ತಂದರೆ ಭಾಷೆ ಸಾಯುವುದಿಲ್ಲ. ವೆಬರನ 'ಖಾರಿಸ್ಮಾ' ಜರ್ಮನ್ನೇ? ಗ್ರೀಕ್. ಅದನ್ನು ಅವನು ಎತ್ತಿಕೊಂಡದ್ದು ಚರ್ಚಿನ ಇತಿಹಾಸ ಬರೆದ ರುಡಾಲ್ಫ್ ಸೋಮ್‌ನಿಂದ. ನಾವು 'ವರ್ಚಸ್ಸು' ಎಂದು ಅನುವಾದಿಸಿ ಕೈತೊಳೆದುಕೊಂಡೆವು; ಈಗ ಪಂಚಾಯ್ತಿ ಅಧ್ಯಕ್ಷನಿಗೂ ವರ್ಚಸ್ಸಿದೆ. ದೈವದತ್ತ ವರ ಎಂಬ ಅರ್ಥ ಎಲ್ಲಿ ಹೋಯಿತು?

ಬೆಂಗಳೂರಿನಿಂದ

ಬೆರೂಫ್ ನಿಮ್ಮ ವಾದಕ್ಕೆ ತದ್ವಿರುದ್ಧದ ಪುರಾವೆ. ಲೂಥರ್ ಲ್ಯಾಟಿನಿನ 'ವೊಕಾಟಿಯೊ'ವನ್ನು ಎತ್ತಿ ತರಲಿಲ್ಲ, ತನ್ನ ನುಡಿಯ ಕರೆಯುವ ಪದದ ಮೇಲೆಯೇ ಹೊರೆ ಹೊರಿಸಿದ. ಬೈಬಲ್ ಅನುವಾದಿಸುವಾಗ ಸಿರಾಖನ ಗ್ರಂಥದ 11ನೇ ಅಧ್ಯಾಯದಲ್ಲಿ ಗ್ರೀಕಿನಲ್ಲಿ ಇದ್ದದ್ದು ಬರೀ ಕೆಲಸ, ದುಡಿಮೆ. ಅಲ್ಲಿ ಬೆರೂಫ್ ಹಾಕಿದವನು ಅವನು. ಪದ ಅಲ್ಲಿಂದಲೇ ಇಂದಿನ ಅರ್ಥ ಹಿಡಿಯಿತು ಎಂದು ತೋರಿಸಿದವನೂ ವೆಬರನೇ. ನಾವೂ 'ಕರೆ'ಯ ಮೇಲೆ ಹೊರಿಸೋಣ. ಕನ್ನಡ ಬೈಬಲ್ಲಿನಲ್ಲೂ ಕರೆಯುವ ಧಾತುವೇ ಇದೆ.

ಮಂಗಳೂರಿನಿಂದ

ಮಾರಾಯ್ರೆ, 'ರಾಜಕಾರಣದ ಕರೆ' ಎಂದರೆ ನಾಳೆ ಬಂದ್‌ಗೆ ಕರೆ ಕೊಟ್ಟ ಹಾಗೆ ಕೇಳುತ್ತದೆ. ನಮ್ಮ ಕಡೆ ಕರೆ ಎಂದರೆ ಕಂಬಳದಲ್ಲಿ ಕೋಣ ಓಡುವ ಜಾಗ. ಲೂಥರ್ ಹೊರಿಸಿದ್ದು ಮನೆಮನೆಯಲ್ಲಿ ಓದುವ ಬೈಬಲ್ಲಿನಲ್ಲಿ, ಮೇಲೆ ನಾಲ್ಕು ಶತಮಾನ ಸಿಕ್ಕಿತು. ಇವರಿಗಿರುವುದು ಶುಕ್ರವಾರದವರೆಗೆ. ಮತ್ತೆ ಯಾರಾದರೂ ಕಿಟ್ಟೆಲ್ ಜರ್ಮನಿಯವ, ಅವನ ಕೋಶ ನೋಡಿ ಎನ್ನುವ ಮೊದಲು: 1894ರ ಆ ಕೋಶ ಕನ್ನಡ-ಇಂಗ್ಲಿಷ್. ಬೆರೂಫ್ ಅಲ್ಲಿ ಸಿಗುವುದಿಲ್ಲ.

ಫ್ರಾಂಕ್‌ಫರ್ಟ್‌ನಿಂದ

ಕಟ್ಟಳೆಯ ಪ್ರಶ್ನೆಗೆ: ಔಗನ್‌ಮಾಸ್ ಎರಡೂ ಕಡೆ ಒಂದೇ ಅರ್ಥದಲ್ಲಿದೆ, ಪದ ಬದಲಿಸಿದ್ದು ಅನುವಾದಕರ ಖಯಾಲಿ. ಬೆರೂಫ್ ಕೊನೆಗೆ ಅರ್ಥ ಹೊರಳುತ್ತದೆ, ಹೊರಳಿತು ಎಂದು ಚಿಹ್ನೆ ಹಾಕಿದವನು ಲೇಖಕ. ಆದರೆ ಪದ ಪೂರ್ತಿ ಬದಲಾದರೆ ಹೆಸರಿಗೂ ಕೊನೆಗೂ ಕೊಂಡಿ ಕಳಚುತ್ತದೆ, ಅದು ನಿಜ. ಎರಡನ್ನೂ ಜೊತೆಗೆ ಇಡಿ: 'ಅವನಿಗೆ ಮಾತ್ರ ಈ ವೃತ್ತಿಯ "ಕರೆ" ಬಂದಿದೆ.' ಚಿಹ್ನೆ ಕರೆಗೆ ಮಾತ್ರ. ವೃತ್ತಿ ಪಕ್ಕದಲ್ಲಿದ್ದರೆ ಬಂದ್ ನೆನಪಾಗದು.

ಬೆಂಗಳೂರಿನಿಂದ

ಇದು ರಾಜಿ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆ. ಮುಖಪುಟ ಹೋಯಿತು: 'ವೃತ್ತಿಯಾಗಿ ರಾಜಕಾರಣ'. 'ಒಂದು' ತೆಗೆದೆ, ಅದು ಇಂಗ್ಲಿಷಿನಿಂದ ನುಸುಳಿತ್ತು. ಕೊನೆಯ ವಾಕ್ಯ ಫ್ರಾಂಕ್‌ಫರ್ಟ್‌ನವರು ಹೇಳಿದಂತೆ. ಕಣ್ಣಳತೆ ಎರಡೂ ಕಡೆ ಹಾಕಿದ್ದೇನೆ. ಫ್ರ್ಯುಂಡೆಗೆ ವೃತ್ತಿ ಹಾಕಿದರೆ ಹೆಸರಿನ ವೃತ್ತಿಯ ಜೊತೆ ಡಿಕ್ಕಿ ಹೊಡೆಯುತ್ತದೆ ಸರ್, 'ಉಂಬಳಿ' ಎಂದಿಟ್ಟೆ.

ಒಳಪುಟಗಳಿಗೆ ಇನ್ನೊಂದು ವಾರವಿದೆ. ರಾಜ್ಯದ ಪ್ರಸಿದ್ಧ ವ್ಯಾಖ್ಯೆಯ 'ಗೆವಾಲ್ಟ್‌ಸಾಮ್‌ಕೈಟ್'ಗೆ ಹಿಂಸೆಯೋ, ಬಲಪ್ರಯೋಗವೋ ಎಂದು ನಾಳೆ ಬೇರೆ ಓಲೆ ಹಾಕುತ್ತೇನೆ. 'ದಂಡ' ಎನ್ನುವವರು ಈಗಲೇ ಗಮನಿಸಿ: ಕೌಟಿಲ್ಯನ ಅರ್ಥಶಾಸ್ತ್ರದ ಮುಂದೆ ಮೆಕಿಯಾವೆಲ್ಲಿ ನಿರುಪದ್ರವಿ ಎಂಬ ಮಾತು ಇದೇ ಉಪನ್ಯಾಸದಲ್ಲಿದೆ.