ಜಪಾನಿ ಮಿಲಿಟರಿ ಕತ್ತಿಯ ಹಿಡಿ ಲೂಸ್ ಆಗಿದೆ, ಅಂಟು ಹಾಕಬಹುದಾ?

ಕಾಪುವಿನವ:

ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜ ಎರಡನೇ ಮಹಾಯುದ್ಧದ ಸಮಯ ಬರ್ಮಾದಲ್ಲಿದ್ದರು, ಬ್ರಿಟಿಷರ ಹದಿನಾಲ್ಕನೇ ಸೇನೆಗೆ ರೇಷನ್ ಸಾಗಿಸುವ ವಿಭಾಗದಲ್ಲಿ. 1945ರಲ್ಲಿ ಜಪಾನ್ ಶರಣಾದ ಮೇಲೆ ಊರಿಗೆ ಬರುವಾಗ ಒಂದು ಕತ್ತಿ ತಂದಿದ್ದರಂತೆ. ಇಷ್ಟು ವರ್ಷ ದೊಡ್ಡಪ್ಪನ ಮನೆಯ ಮರದ ಪೆಟ್ಟಿಗೆಯಲ್ಲಿ ಹಳೇ ಬೆಡ್‌ಶೀಟ್ ಸುತ್ತಿಕೊಂಡು ಮಲಗಿತ್ತು. ಮನೆ ಪಾಲಾಗುವಾಗ ಯಾರಿಗೂ ಬೇಡವಾಯಿತು, ನನಗೆ ಬಂತು.

ಅಲಗು ಪರವಾಗಿಲ್ಲ. ಹಿಡಿ ಮಾತ್ರ ಅಲ್ಲಾಡುತ್ತದೆ. ಒರೆಯಿಂದ ತೆಗೆದು ಸ್ವಲ್ಪ ಆಡಿಸಿದರೆ ಟಕಟಕ ಅಂತ ಸದ್ದು. ಹಿಡಿಗೆ ಕಂದು ಬಣ್ಣದ ಹತ್ತಿ ಪಟ್ಟಿ ಹೆಣೆದಿದ್ದಾರೆ. ಅದರ ಸಂದಿಯಲ್ಲಿ ಬಿಳಿ ಚರ್ಮ, ಗುಳ್ಳೆ ಗುಳ್ಳೆ. ಅಲ್ಲಲ್ಲಿ ಹೂವಿನ ಚಿತ್ತಾರದ ಹಿತ್ತಾಳೆ. ಹಿಡಿಗೆ ಅಡ್ಡಲಾಗಿ ಒಂದು ಬಿದಿರಿನ ಆಣಿ ಉಂಟು, ಬೆರಳಲ್ಲಿ ಒತ್ತಿದರೆ ಜಾರುತ್ತದೆ. ಭಾವ ಅರಾಲ್ಡೈಟ್ ಹೊಯ್ದುಬಿಡು ಅಂತಾರೆ. ಊರಿನ ಆಚಾರಿಯವರು ಅರಗು ಹಾಕಿ ಗಟ್ಟಿ ಮಾಡಿಕೊಡುತ್ತೇನೆ ಅಂದರು. ಎಂತ ಮಾಡುವುದು?

ಹಳೇಮರ, ಕಟಪಾಡಿ:

ಮಾರಾಯ್ರೆ, ಎರಡೂ ಬೇಡ.

ಆಚಾರಿಯವರು ಹೇಳಿದ್ದು ಅವರ ಲೆಕ್ಕದಲ್ಲಿ ಸರಿ. ನಮ್ಮ ತೋಟದ ಕತ್ತಿಗೆ ಅರಗು ಹಾಕಿ ಹಿಡಿ ಕೂರಿಸಿದರೆ ಅದು ಮತ್ತೆ ಬಿಡಬಾರದು. ಜಪಾನಿ ಕತ್ತಿ ಹಾಗಲ್ಲ. ಅದನ್ನು ಬಿಚ್ಚಿ ನೋಡಲಿಕ್ಕೆಂದೇ ಮಾಡಿದ್ದು. ಆ ಒಂದು ಬಿದಿರಿನ ಆಣಿ ತೆಗೆದರೆ ಹಿಡಿ, ಕೈಗೆ ಅಲಗು ತಾಗದ ಹಾಗೆ ಇರುವ ಅಡ್ಡ ತಟ್ಟೆ, ವಾಷರ್ ಎಲ್ಲ ಬಿಡಿಬಿಡಿಯಾಗಿ ಕೈಗೆ ಬರಬೇಕು. ನನ್ನದು ಹಳೇ ಮರದ ಸಾಮಾನು ರಿಪೇರಿ. ಇಂಥ ಕತ್ತಿ ಬರುವುದು ಅಪರೂಪ. ಬಂದದ್ದರಲ್ಲಿ ಒಂದಕ್ಕೆ ಯಾರೋ ಮೊದಲೇ ಅರಾಲ್ಡೈಟ್ ತರದ ಎಪಾಕ್ಸಿ ಅಂಟು ಹೊಯ್ದಿದ್ದರು. ಹಿಡಿ ಸೀಳದೆ ಬಿಡಿಸಲಿಕ್ಕೇ ಆಗಲಿಲ್ಲ. ಒಳಗಿನ ಮರ ಹೋಯಿತು, ಮೇಲಿನ ಗುಳ್ಳೆ ಗುಳ್ಳೆ ಇರುವ ತೊರಕೆ ಮೀನಿನ ಚರ್ಮವೂ ಹೋಯಿತು.

ನಿಮ್ಮದು ಆಫೀಸರ್ ಕತ್ತಿ, ಶಿನ್ ಗುಂತೋ ಅಂತಾರೆ. ಆ ಹೂವು ಚೆರ್ರಿ ಹೂವು. 1934ರ ಮಾದರಿಗೆ ಸಾಮಾನ್ಯವಾಗಿ ಎರಡು ಆಣಿ, ಒರೆಗೆ ನೇತು ಹಾಕುವ ಬಳೆ ಎರಡು. ನಿಮ್ಮದರಲ್ಲಿ ಒಂದೊಂದೇ ಇದ್ದರೆ 1938ರ ಮಾದರಿ ಇರಬೇಕು.

ಈಗ ಲೂಸ್ ಯಾಕೆ ಅಂತ. ಹೆಚ್ಚಾಗಿ ಕಾರಣ ಎರಡೇ. ಆಣಿ ಒಣಗಿ ಸವೆದಿರುತ್ತದೆ. ಇಲ್ಲದಿದ್ದರೆ ಅಡ್ಡ ತಟ್ಟೆಯ ಆಚೆ ಈಚೆ ಇರುವ ತೆಳು ವಾಷರ್‌ಗಳಲ್ಲಿ ಒಂದು ಕಳೆದುಹೋಗಿರುತ್ತದೆ. ಆ ವಾಷರಿಗೆ ಸೆಪ್ಪಾ ಅಂತ ಹೆಸರು. ಹಿಂದೆ ಯಾರೋ ಕುತೂಹಲಕ್ಕೆ ಬಿಚ್ಚಿರುತ್ತಾರೆ, ಒಂದು ಕೆಳಗೆ ಬಿದ್ದದ್ದು ಗೊತ್ತೇ ಆಗಿರುವುದಿಲ್ಲ. ಒಳಗಿನ ಮರವೇ ಕುಗ್ಗುವುದೂ ಉಂಟು, ಅದನ್ನು ಕೊನೆಗೆ ನೋಡುವ.

ಬಿಚ್ಚುವ ಕ್ರಮ ಹೀಗೆ. ಆಣಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಸಪೂರದ ಕಡೆಯಿಂದ ಹಿತ್ತಾಳೆ ಕಡ್ಡಿ ಇಟ್ಟು ಮೆಲ್ಲ ತಟ್ಟಿ. ಆಣಿ ಬಂದ ಮೇಲೆ ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಅಲಗು ಮೇಲೆ ಮಾಡಿ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಬಲಗೈ ಮುಷ್ಟಿಯಿಂದ ಎಡ ಮಣಿಕಟ್ಟಿಗೆ ಗುದ್ದಿ. ಕತ್ತಿಗಲ್ಲ, ನಿಮ್ಮ ಮಣಿಕಟ್ಟಿಗೆ. ಅಲಗು ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ. ಪೂರ್ತಿ ಬರುವ ಮೊದಲು ನಿಲ್ಲಿಸಿ, ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಬರಿಗೈಯಲ್ಲಿ ಅಲಗು ಮುಟ್ಟಬೇಡಿ. ನಮ್ಮ ಕಡಲ ಗಾಳಿಗೆ ಬೆರಳಚ್ಚೇ ಸಾಕು, ತುಕ್ಕು ಶುರು. ಮಕ್ಕಳನ್ನು ದೂರ ಕಳಿಸಿ, ಮೇಜಿನ ಮೇಲೆ ದಪ್ಪ ಟವೆಲ್ ಹಾಸಿಕೊಳ್ಳಿ.

ವಾಷರ್‌ಗಳನ್ನು ಬಿಚ್ಚಿದ ಅನುಕ್ರಮದಲ್ಲೇ ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಒರೆಯನ್ನು ಹಿಡಿದಿಡುವ ಸಣ್ಣ ಸ್ಪ್ರಿಂಗ್ ಕೊಕ್ಕೆ ಇದ್ದರೆ ಅದು ತಟ್ಟೆಯ ಒಂದು ತೂತಿನಲ್ಲಿ ಹಾದುಹೋಗುತ್ತದೆ. ವಾಪಸ್ ಜೋಡಿಸುವಾಗ ಎಲ್ಲದರ ತೂತು ಒಂದೇ ಕಡೆ ಬರಬೇಕು.

ಮುಖ್ಯ ಮಾತು: ಹಿಡಿಯೊಳಗೆ ಇದ್ದ ಅಲಗಿನ ಬುಡ ಕಪ್ಪು ತುಕ್ಕು ಹಿಡಿದಿರುತ್ತದೆ. ಅದನ್ನು ಹಾಗೇ ಬಿಡಿ. ಹುಣಸೆಹುಳಿ ಬೇಡ, ಸ್ಯಾಂಡ್‌ಪೇಪರ್ ಬೇಡ, ಎಣ್ಣೆಯೂ ಬೇಡ. ಕತ್ತಿಯ ವಯಸ್ಸು ಹೇಳುವುದು ಆ ತುಕ್ಕೇ. ತಿಕ್ಕಿದರೆ ಅರ್ಧ ಬೆಲೆ ಅಲ್ಲೇ ಹೋಯಿತು.

ಹೊಸ ಆಣಿಗೆ ಒಳ್ಳೇ ಬಿದಿರು ಎಲ್ಲಿ ಸಿಗುತ್ತದೆ ಗೊತ್ತಾ? ಹಳೇ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ. ವರ್ಷಗಟ್ಟಲೆ ಹೊಗೆ ಕುಡಿದು ಕಂದಾದ ಬಿದಿರು. ಜಪಾನಿನವರೂ ಹಳೇ ಹುಲ್ಲುಮನೆಯ ಮಾಡಿನಿಂದ ತೆಗೆದ ಹೊಗೆ ಬಿದಿರನ್ನೇ ಇದಕ್ಕೆ ಹುಡುಕುತ್ತಾರೆ. ಹೊರಮೈ ಹತ್ತಿರದ ಗಟ್ಟಿ ಭಾಗ ಸೀಳಿ, ನಾರು ಉದ್ದಕ್ಕೆ ನೇರ ಇರುವ ಹಾಗೆ ನೋಡಿ, ಅರ ಹಾಕಿ ಸಪೂರ ಮಾಡುತ್ತಾ ಹೋಗಿ. ಹೆಬ್ಬೆರಳಲ್ಲಿ ಒತ್ತಿದಾಗ ಎರಡು ಮೂರು ಮಿಲಿಮೀಟರ್ ಹೊರಗೆ ಉಳಿಯಬೇಕು. ಅಷ್ಟನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಒಳಗೆ ಕಳಿಸಿ. ಕಬ್ಬಿಣದ ಮೊಳೆ ಹಾಕಬೇಡಿ, ತೂತು ದೊಡ್ಡದಾಗುತ್ತದೆ.

ಗ್ಯಾರೇಜ್ ಬಂದರು:

ಮೇಲಿನವರು ಹೇಳಿದ್ದು ಆಫೀಸರ್ ಕತ್ತಿಗೆ. ಹಿಡಿ ಪೂರ್ತಿ ಲೋಹದ್ದಾಗಿದ್ದು, ಪಟ್ಟಿ ಹೆಣೆದ ಹಾಗೆ ಅಚ್ಚು ಹಾಕಿ ಬಣ್ಣ ಬಳಿದಿದ್ದರೆ ಅದು 1935ರ ಮಾದರಿ, ಹವಾಲ್ದಾರ್ ಮಟ್ಟದವರದ್ದು. ಅದಕ್ಕೆ ಬಿದಿರಿಲ್ಲ, ಸ್ಕ್ರೂ ಬರುತ್ತದೆ. ಅಲಗಿನ ಮೇಲೆಯೇ ಸೀರಿಯಲ್ ನಂಬರ್ ಇರುತ್ತದೆ. ಒರೆಯ ಬಾಯಲ್ಲೂ ಅದೇ ನಂಬರ್ ಇದ್ದರೆ ಜೋಡಿ ಸರಿ ಅಂತ ಲೆಕ್ಕ.

ವಾಷರ್ ಕಳೆದಿದ್ದರೆ ಎಷ್ಟು ದಪ್ಪದ್ದು ಬೇಕು ಅಂತ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಯಾವ ಗ್ಯಾರೇಜಲ್ಲೂ ಇರುತ್ತದೆ. ಹಿತ್ತಾಳೆ ಶೀಟಲ್ಲಿ ಕತ್ತರಿಸಿಕೊಂಡರೆ ಆಯಿತು.

ಕೋರ್ಟ್ ರೋಡ್:

ರಿಪೇರಿ ಬಗ್ಗೆ ನನಗೆ ಹೇಳಲಿಕ್ಕೆ ಇಲ್ಲ. ಕಾನೂನು ಮಾತ್ರ. 1959ರ ಆಯುಧ ಕಾಯ್ದೆ ಪ್ರಕಾರ ಮನೆಯಲ್ಲಿ ಕತ್ತಿ ಇಡಲಿಕ್ಕೆ ಲೈಸೆನ್ಸ್ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ. ನಿಮ್ಮ ಜಾಗದ ಸ್ಥಿತಿ ಏನು ಅಂತ ಠಾಣೆಯಲ್ಲಿ ಕೇಳಿಟ್ಟುಕೊಳ್ಳಿ. ಚುನಾವಣೆ ಅಥವಾ ಗಲಾಟೆ ಸಮಯ ನಿಷೇಧಾಜ್ಞೆ ಇದ್ದರೆ ಆಯುಧ ಹಿಡಿದು ಹೊರಡುವ ಹಾಗಿಲ್ಲ. ರಿಪೇರಿಗೆ ಅಂತ ಬಸ್ಸಲ್ಲಿ ಕತ್ತಿ ಹೊತ್ತುಕೊಂಡು ಮಂಗಳೂರಿಗೆ ಬರಬೇಡಿ. ಇನ್ನೊಂದು: ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಬರುತ್ತದೆ. ಯುದ್ಧಕಾಲದ ಕತ್ತಿ ಇನ್ನೂ ಅಷ್ಟು ಹಳೆಯದಲ್ಲ. ಆದರೆ ಕೆಲವು ಆಫೀಸರುಗಳು ಮನೆತನದ ಹಳೇ ಅಲಗಿಗೇ ಮಿಲಿಟರಿ ಹಿಡಿ ಹಾಕಿಸಿಕೊಳ್ಳುತ್ತಿದ್ದರು. ಅಂಥದ್ದಾದರೆ ಮಾರುವ ಯೋಚನೆ ಮಾಡುವ ಮೊದಲು ವಿಚಾರಿಸಿ.

ಕಾಪುವಿನವ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಬಿಚ್ಚಿದೆ. ಗುದ್ದುವ ಉಪಾಯ ಕೆಲಸ ಮಾಡಿತು, ಮಣಿಕಟ್ಟು ಇನ್ನೂ ನೋಯುತ್ತದೆ. ವಾಷರ್ ಎಲ್ಲದರ ಮೇಲೂ ಒಂದೇ ನಂಬರ್ ಒತ್ತಿದ್ದಾರೆ, ತಟ್ಟೆಯ ಮೇಲೂ ಅದೇ. ಬುಡದಲ್ಲಿ ತೂತು ಒಂದೇ. ಒಂದು ಬದಿ ಕೆತ್ತಿದ ಅಕ್ಷರ, ಅದರ ಮೇಲೆ ಸಣ್ಣ ಮುದ್ರೆ. ಇನ್ನೊಂದು ಬದಿ ಫೋನಲ್ಲಿ ಓದಿಸಿದರೆ ಶೋವಾ 17 ಅಂತ ಬಂತು. ಮುದ್ರೆ ಸೆಕಿ ಊರಿನದ್ದಂತೆ. ಅಟ್ಟದ ಬಿದಿರಿನ ಹೊಸ ಆಣಿ ಹಾಕಿದೆ. ಸದ್ದು ಹೋಯಿತು, ಆದರೆ ಹಿಡಿ ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ಆಡುತ್ತದೆ. ಹಾಗೇ ಬಿಡುವುದಾ?

ಹಳೇಮರ, ಕಟಪಾಡಿ:

ಶೋವಾ ಅಂದರೆ ಜಪಾನಿ ಚಕ್ರವರ್ತಿಯ ಆಳ್ವಿಕೆಯ ವರ್ಷದ ಲೆಕ್ಕ. ಅದಕ್ಕೆ 1925 ಕೂಡಿಸಿ, 1942 ಆಯಿತು. ಸೆಕಿ ಮುದ್ರೆ ಇರುವುದು ಸಾಮಾನ್ಯವಾಗಿ ಯುದ್ಧಕಾಲದಲ್ಲಿ ಎಣ್ಣೆಯಲ್ಲಿ ಹದ ಮಾಡಿದ ಅಲಗು, ಹಳೇ ಪದ್ಧತಿಯದ್ದಲ್ಲ. ಕೋಟಿ ಬೆಲೆಯ ಕನಸು ಬೇಡ. ಆದರೆ ನಂಬರ್ ಎಲ್ಲ ಕೂಡಿಬಂದಿದೆ, ಬಿಡಿಭಾಗ ಅದರದ್ದೇ. ಅದು ದೊಡ್ಡ ವಿಷಯ.

ಆ ಸಣ್ಣ ಆಟಕ್ಕೆ ಐಸ್‌ಕ್ಯಾಂಡಿ ಕಡ್ಡಿ ತೆಗೆದುಕೊಂಡು ಕಾಗದದಷ್ಟು ತೆಳು ಉಜ್ಜಿ. ಹಿಡಿಯೊಳಗೆ ಚಪ್ಪಟೆ ಬದಿಗೆ ಒಂದು ತುಂಡು ಅಂಟಿಸಿ. ಅಂಟಿಗೆ ಅನ್ನ ಅರೆದು ಹಚ್ಚಿ, ಜಪಾನಿನವರು ಹಿಡಿಯ ಮರದ ಎರಡು ಹೋಳು ಜೋಡಿಸುವುದೂ ಅನ್ನದ ಅಂಟಲ್ಲೇ. ನಾಳೆ ಬೇಡ ಅಂದರೆ ಬಿಡಿಸಬಹುದು. ನಮ್ಮ ಕುಚ್ಚಲಕ್ಕಿ ಆಗ್ಲಿಕ್ಕಿಲ್ಲ, ಹಿಡಿಯುವುದಿಲ್ಲ. ಬೆಳ್ತಿಗೆ ಅನ್ನ ಮಾಡಿ. ಪೂರ್ತಿ ಒಣಗಿದ ಮೇಲೆಯೇ ಅಲಗು ಕೂರಿಸಿ, ಇಲ್ಲದಿದ್ದರೆ ಆ ಪಸೆಗೆ ಒಳಗೆ ಹೊಸ ತುಕ್ಕು ಬರುತ್ತದೆ.

ಅಲಗಿಗೆ ಹೊಲಿಗೆ ಮಿಷನ್ ಎಣ್ಣೆ ತೆಳುವಾಗಿ ಒರೆಸಿ. ತೆಂಗಿನೆಣ್ಣೆ ಬೇಡ, ಜಿಡ್ಡು ಕಟ್ಟುತ್ತದೆ. ಮಳೆಗಾಲದಲ್ಲಿ ಆಗಾಗ ಒರೆಯಿಂದ ತೆಗೆದು ನೋಡಿ. ಹಿಡಿಯ ಹತ್ತಿ ಪಟ್ಟಿ ಕೊಳೆಯಾಗಿದೆ ಅಂತ ಬಿಚ್ಚಿ ತೊಳೆಯಲಿಕ್ಕೆ ಹೋಗಬೇಡಿ, ಆ ಹೆಣಿಗೆ ವಾಪಸ್ ಹಾಕುವವರು ಈ ಕಡೆ ನನಗಂತೂ ಯಾರೂ ಸಿಕ್ಕಿಲ್ಲ.